ಕೈಕಟ್ಟಿ ಕೂತು ಗೆದ್ದ ಆಟ

ತಪ್ಪು ಆಟದ್ದಲ್ಲ, ನನ್ನದೇ ಇರಬೇಕು ಅಂತ ಮೊದಲ ಕೆಲವು ವಾರ ನಂಬಿಕೊಂಡಿದ್ದೆ. ಡೈರಿಯಲ್ಲೂ ಹಾಗೇ ಬರೆದುಕೊಂಡೆ: ‘ಇವತ್ತೂ ಖುಷಿ ಆಗಲಿಲ್ಲ. ನನಗೆ ವಯಸ್ಸಾಯಿತೇನೋ.’

ಆಗ ನನಗೆ ಇಪ್ಪತ್ತಮೂರು. ಬಿ.ಎಸ್ಸಿ. ಮುಗಿಸಿ ವರ್ಷದ ಮೇಲೆ ಮನೆಯಲ್ಲಿ ಕೂತು, ಇಂಟರ್‌ವ್ಯೂಗಳಲ್ಲಿ ಬಾಯಿ ಬಿಡಲಾರದೆ ವಾಪಸ್ಸು ಬಂದು, ಕೊನೆಗೆ ತಣಿಸಂದ್ರದ ಒಂದು ಸಣ್ಣ ಕಂಪನಿಯಲ್ಲಿ ಗೇಮ್ ಟೆಸ್ಟರ್ ಆಗಿ ಸೇರಿದ್ದೆ. ಹೊರದೇಶದವರು ಮಾಡಿದ ಆಟಗಳನ್ನು ಅಂಗಡಿಗೆ ಬರುವ ಮುಂಚೆ ನಾವು ಆಡಿ, ಎಲ್ಲಿ ಕೆಟ್ಟಿದೆ, ಎಲ್ಲಿ ನಿಂತುಹೋಗುತ್ತದೆ ಅಂತ, ಅಂದರೆ ‘ಬಗ್’ಗಳನ್ನು, ಬರೆದು ಕಳಿಸಬೇಕು. ಮಾತಾಡಬೇಕಾಗಿಲ್ಲ, ಬರೆದರೆ ಸಾಕು. ಅದಕ್ಕೇ ನನಗೆ ಆ ಕೆಲಸ ಹಿಡಿಸಿತ್ತು. ನಾನು ಸೇರಿದ ತಿಂಗಳೇ ಬಂದದ್ದು ‘ಫಾರ್ ಲ್ಯಾಂಟರ್ನ್ಸ್ ಟೂ’. ಅದರ ಮೊದಲನೇ ಭಾಗ ನನಗೆ ಎಷ್ಟು ಇಷ್ಟ ಅಂತ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕಸಿದುಕೊಂಡು ಬೇರೆ ಕೆಲಸ ಕೊಟ್ಟಾರು ಅಂತ ಭಯ.

ಮೊದಲನೇದು ನಮ್ಮ ಮನೆಗೆ ಬಂದದ್ದು 2008ರಲ್ಲಿ, ಹುಣಸಮಾರನಹಳ್ಳಿಯ ನಮ್ಮ ಹೊಲ ಲೇಔಟ್ ಆದ ವರ್ಷ. ದೊಡ್ಡಪ್ಪನ ಮಗ ಮಹೇಂದ್ರಣ್ಣ ಹಟ ಮಾಡಿ ಕಂಪ್ಯೂಟರ್ ತಂದ. ಜೊತೆಗೆ ಮೆಜೆಸ್ಟಿಕ್ ಫುಟ್‌ಪಾತಿನಿಂದ ಒಂದು ಸಿ.ಡಿ. ಪರದೆಯ ತುಂಬ ಕತ್ತಲು, ಅದರಲ್ಲಿ ಅಲ್ಲಲ್ಲಿ ನಕ್ಷತ್ರಗಳು. ಒಂದೊಂದು ನಕ್ಷತ್ರದ ಹತ್ತಿರವೂ ಒಂದು ಊರು. ಆ ಊರುಗಳಿಗೆ ಹಡಗಿನಲ್ಲಿ ನೀರು ಕಳಿಸುತ್ತಿರಬೇಕು. ತಡವಾದರೆ ಊರಿನ ದೀಪ ಮಂಕಾಗುತ್ತದೆ, ಇನ್ನೂ ತಡವಾದರೆ ಆರಿಹೋಗುತ್ತದೆ. ಯುದ್ಧವೂ ಇತ್ತು. ಆದರೆ ಯುದ್ಧಕ್ಕೆ ಹೋದ ಹಡಗು ನೀರು ಹೊರುವುದಿಲ್ಲ. ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾರನ್ನು ಕೈಬಿಡುವುದು ಅಂತ ಯೋಚಿಸುವುದೇ ಆಟ.

ನಾವಿಬ್ಬರೂ ಒಂದೇ ಕೀಬೋರ್ಡಿನಲ್ಲಿ ಸರದಿಯ ಮೇಲೆ ಆಡುತ್ತಿದ್ದೆವು.

“ಬೇಗ ಆಡೇ. ಬಸ್ಸಿಗೆ ಕಾಯೋಳ ಥರ ಕೂತಿದೀಯಲ್ಲ,” ಅನ್ನುತ್ತಿದ್ದ ಅಣ್ಣ.

“ಸುಮ್ನಿರಣ್ಣ. ಈ ಊರಿಗೆ ಕೊಟ್ರೆ ಆ ಊರು ಹೋಗತ್ತೆ.”

“ಹೋಗ್ಲಿ ಬಿಡು, ನಿಂಗೇನು ಅಲ್ಲಿ ನೆಂಟರಿದಾರಾ?”

ಅವನು ಇದ್ದಬದ್ದ ಹಡಗನ್ನೆಲ್ಲ ಯುದ್ಧಕ್ಕೆ ಅಟ್ಟಿ, ಗೆದ್ದು, ನೀರಿಲ್ಲದೆ ಸೋಲುತ್ತಿದ್ದ. ನಾನು ಗೆಲ್ಲುತ್ತಿದ್ದೆ. ಅದರಲ್ಲಿ ದೊಡ್ಡ ಬುದ್ಧಿವಂತಿಕೆಯೇನೂ ಇರಲಿಲ್ಲ. ನಮ್ಮದು ಒಂದೇ ಬೋರ್‌ವೆಲ್, ಅದರ ಮೇಲೆ ನಾವು ಬಾಡಿಗೆಗೆ ಕೊಟ್ಟ ಮನೆಗಳ ಸಾಲು. ಅಮ್ಮ ಬೆಳಗಾದರೆ ವಾಲ್ವ್ ತಿರುಗಿಸಲು ಹೋಗುತ್ತಿದ್ದಳು, ನಾನು ಹಿಂದೆ. ಕೆಳಗಿನ ಮನೆಗೆ ಮೊದಲು ಬಿಟ್ಟರೆ ಮೇಲಿನವರಿಗೆ ಒತ್ತಡ ಬರುವುದಿಲ್ಲ, ಬಾಣಂತಿ ಇರುವ ಮನೆಯವರನ್ನು ಕಾಯಿಸುವಂತಿಲ್ಲ. ಇಂಥ ಲೆಕ್ಕದಲ್ಲೇ ಬೆಳೆದವಳು ನಾನು. ಕ್ಲಾಸಿನಲ್ಲಿ ಹಾಜರಿಗೆ ‘ಪ್ರೆಸೆಂಟ್’ ಅನ್ನಲೂ ಅಂಜುತ್ತಿದ್ದವಳು, ಆ ಪರದೆಯ ಮುಂದೆ ಮಾತ್ರ ಅಳುಕಿಲ್ಲದೆ ಅಪ್ಪಣೆ ಕೊಡುತ್ತಿದ್ದೆ.

ಈಗ ಎರಡನೇದು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಮೊದಲ ದಿನ ಕಣ್ಣು ತುಂಬಿತು. ನಕ್ಷತ್ರಗಳು ನಿಜವಾಗಿ ಉರಿಯುತ್ತಿದ್ದವು, ಹಡಗಿನ ಮೈಮೇಲಿನ ಗೀರು ಕೂಡ ಕಾಣುತ್ತಿತ್ತು. ಆದರೆ ನೀರು ತಾನಾಗಿಯೇ ಹೋಗುತ್ತಿತ್ತು. ಪರದೆಯ ಮೂಲೆಯಲ್ಲಿ ಒಬ್ಬ ಸಲಹೆಗಾರ ಪ್ರತ್ಯಕ್ಷನಾಗಿ, ಹೀಗೆ ಮಾಡಲೇ ಅಂತ ಕೇಳುತ್ತಿದ್ದ. ಓಕೆ ಒತ್ತಿದರೆ ಆಯಿತು. ನಾನು ಓಕೆ ಒತ್ತುತ್ತಾ ಒತ್ತುತ್ತಾ, ಮನಸ್ಸು ಎಲ್ಲೋ ಹೋಗಿ, ವಯಸ್ಸಾಯಿತೇನೋ ಅಂತ ಬರೆದುಕೊಂಡದ್ದು ಆಗಲೇ.

ಆಫೀಸಿನಲ್ಲಿ ಬೇರೆ ಯಾರಿಗೂ ಹಾಗೆ ಅನ್ನಿಸಲಿಲ್ಲ ಯಾಕೆ ಅಂತ ಯೋಚಿಸಿದೆ. ಆಮೇಲೆ ಹೊಳೆಯಿತು. ನಮ್ಮಲ್ಲಿ ಆಟವನ್ನು ಪಾಲು ಮಾಡಿಕೊಳ್ಳುತ್ತಿದ್ದೆವು. ನಜೀರ್‌ಗೆ ಯುದ್ಧ, ರಮ್ಯಾಗೆ ವ್ಯಾಪಾರ, ನನಗೆ ಪರದೆಯ ಮೇಲೆ ಬರುವ ಅಕ್ಷರ ಮತ್ತು ಬಟನ್ನು. ಸಮಯ ಉಳಿಸಲು ಒಬ್ಬೊಬ್ಬರಿಗೂ ಅವರವರ ಜಾಗದಿಂದಲೇ ಶುರುವಾಗುವ ಆಟ ಕೊಟ್ಟಿರುತ್ತಿದ್ದರು. ನಜೀರ್ ಕಂಪ್ಯೂಟರ್ ಹಾಕಿದರೆ ಯುದ್ಧ ಆಗಲೇ ಹತ್ತಿರುತ್ತಿತ್ತು. ಮೊದಲಿಂದ ಕೊನೆಯವರೆಗೆ ಯಾರೂ ಆಡಿರಲಿಲ್ಲ. ಮದುವೆ ಅಡುಗೆಯಲ್ಲಿ ಒಬ್ಬ ಉಪ್ಪು ನೋಡಿ, ಇನ್ನೊಬ್ಬ ಹುಳಿ ನೋಡಿ, ಎಲೆ ಹಾಕಿಕೊಂಡು ಊಟಕ್ಕೆ ಯಾರೂ ಕೂರದಿದ್ದ ಹಾಗೆ.

‘ನೀರಿನ ಹಡಗುಗಳು ತಾವಾಗಿಯೇ ಹೋಗುವುದರಿಂದ ಆಡುವವರಿಗೆ ನಿರ್ಧರಿಸಲು ಏನೂ ಉಳಿದಿಲ್ಲ’ ಅಂತ ಒಂದು ದೂರು ಬರೆದು ಕಳಿಸಿದೆ. ಮಾರನೇ ದಿನ ಆಟ ಮಾಡಿದವರಿಂದ ವಾಪಸ್ಸು ಬಂತು. ‘ಬೇಕಂತಲೇ ಹಾಗೆ ಮಾಡಿದ್ದೇವೆ’ ಅಂತ ಒಂದು ಸಾಲು, ದೂರು ಮುಚ್ಚಲಾಗಿದೆ ಅಂತ ಇನ್ನೊಂದು.

ನಮ್ಮ ಟೀಮ್ ಲೀಡ್ ಯಶವಂತ್ ಸರ್ ನನ್ನ ಕುರ್ಚಿಯ ಹತ್ತಿರ ಬಂದರು. ಯಲಹಂಕದವರು, ಒಳ್ಳೆಯವರು, ಯಾರನ್ನೂ ಗದರಿದ್ದು ನಾನು ನೋಡಿಲ್ಲ.

“ಏನಮ್ಮ ಇದು?”

“ಸರ್, ಅದು…”

“ನಾವು ಬಗ್ ಹುಡ್ಕೋರು ಕಣಮ್ಮ. ಆಟ ಚೆನ್ನಾಗಿದ್ಯೋ ಇಲ್ವೋ ಅಂತ ಅವರು ನಮ್ಮನ್ನ ಕೇಳಿಲ್ಲ. ಈ ಶುಕ್ರವಾರ ಅಲ್ಲ, ಮುಂದಿನ ಶುಕ್ರವಾರ ಅವರ ಜೊತೆ ಕಾಲ್ ಇದೆ. ನಾವು ಸೈ ಅಂದ್ರೆ ಆಟ ರಿಲೀಸ್‌ಗೆ ಹೋಗತ್ತೆ, ಅವರ ಮುಂದಿನ ಆಟಾನೂ ನಮಗೇ ಬರತ್ತೆ. ನಿನ್ನ ಪ್ರೊಬೇಷನ್ನೂ ಆ ವಾರಾನೇ ಮುಗಿಯೋದು. ಒಳ್ಳೇ ಮಾತು ಬರೆಯೋಣ ಅಂತಿದೀನಿ. ಹಾಳು ಮಾಡ್ಕೋಬೇಡ.”

ಬೆದರಿಕೆಯಲ್ಲ ಅದು. ನಿಜವಾದ ಕಾಳಜಿಯಿಂದಲೇ ಹೇಳಿದರು. ಅದಕ್ಕೇ ಉತ್ತರ ಕೊಡುವುದು ಇನ್ನೂ ಕಷ್ಟವಾಯಿತು.

ಮನೆಗೆ ಬಂದರೆ ಮಹೇಂದ್ರಣ್ಣ ಜಗಲಿಯ ಮೇಲೆ ಕೂತಿದ್ದ. ಈಗ ಅವನು ಜಲ್ಲಿ, ಎಂ-ಸ್ಯಾಂಡ್ ಸಪ್ಲೈ ಮಾಡುತ್ತಾನೆ, ಹೊಟ್ಟೆ ಬಂದಿದೆ.

“ಎರಡನೇದು ಬರ್ತಿದ್ಯಂತಲ್ಲ, ನಿಮ್ಮ ಆಫೀಸಿಗೇನಾದ್ರೂ ಬಂದಿದ್ಯಾ? ಹೆಂಗಿದೆ, ಹೇಳೇ.”

“ಹೇಳೋ ಹಾಗಿಲ್ಲ ಅಣ್ಣ. ಸೈನ್ ಹಾಕಿಸ್ಕೊಂಡಿದಾರೆ.”

“ಈ ಸಲ ಫುಟ್‌ಪಾತ್ ಸಿ.ಡಿ. ಅಲ್ಲ ಕಣೇ, ಒರಿಜಿನಲ್ಲೇ ತಗೋತೀನಿ. ನನ್ ಮಗಳಿಗೂ ಕಲಿಸ್ಬೇಕು, ಅತ್ತೆ ಥರ ಊರೂರಿಗೆ ನೀರು ಬಿಡ್ಲಿ ಅಂತ.”

ನಕ್ಕು ಒಳಗೆ ಹೋದೆ. ಆ ರಾತ್ರಿ ಡೈರಿಯಲ್ಲಿ ವಯಸ್ಸಿನ ಮಾತು ಬರೆಯಲಿಲ್ಲ. ‘ಆಡಿ ನೋಡ್ತೀನಿ. ಪೂರ್ತಿ’ ಅಂತ ಬರೆದೆ.

ಶನಿವಾರ ಆಫೀಸಿನಲ್ಲಿ ಜನ ಕಮ್ಮಿ. ಹಳೆಯದನ್ನೆಲ್ಲ ಅಳಿಸಿ, ಆಟವನ್ನು ಹೊಸದಾಗಿ ಹಾಕಿ, ಎಲ್ಲಕ್ಕಿಂತ ಕಷ್ಟದ ಹಂತ ಆರಿಸಿಕೊಂಡು ಮೊದಲಿಂದ ಶುರು ಮಾಡಿದೆ. ಸ್ವಲ್ಪ ಹೊತ್ತಿಗೇ ಒಂದು ವಿಷಯ ಕಣ್ಣಿಗೆ ಬಿತ್ತು. ಓಕೆ ಒತ್ತದೇ ಇದ್ದರೂ ಸಲಹೆಗಾರ ಸ್ವಲ್ಪ ಕಾಯುತ್ತಾನೆ, ಆಮೇಲೆ ತಾನೇ ಒತ್ತಿಕೊಳ್ಳುತ್ತಾನೆ. ಮೌಸಿನಿಂದ ಕೈ ತೆಗೆದೆ. ಕುರ್ಚಿ ಹಿಂದಕ್ಕೆ ಸರಿಸಿ, ಕೈಕಟ್ಟಿ ಕೂತೆ.

ನಜೀರ್ ಟೀ ಹಿಡಿದು ಬಂದ.

“ಏನ್ ಮೇಡಂ, ಧ್ಯಾನಾನಾ?”

“ಆಡ್ತಿದೀನಿ.”

“ಕೈ ಎಲ್ಲಿ?”

“ಬೇಕಾಗಿಲ್ಲ. ಅದನ್ನೇ ನೋಡ್ತಿದೀನಿ.”

ಅವನು ಪಕ್ಕದ ಕುರ್ಚಿ ಎಳೆದುಕೊಂಡ. ಇಬ್ಬರೂ ಬಸ್ಸಿನ ಕಿಟಕಿಯಿಂದ ನೋಡುವವರ ಹಾಗೆ ನೋಡಿದೆವು. ಊರುಗಳು ಹುಟ್ಟಿದವು, ಹಡಗುಗಳು ಹೊರಟವು. ಯುದ್ಧ ಬಂದಾಗ ನಜೀರ್ ಮುಂದಕ್ಕೆ ಬಾಗಿದ. “ಈಗ ಸೋಲತ್ತೆ ನೋಡಿ, ಇಲ್ಲಿ ಎಡಗಡೆಯಿಂದ ಹೊಡೀಬೇಕು, ಇದಕ್ಕೇನ್ ಗೊತ್ತು,” ಅಂದ. ಹಡಗುಗಳು ಎಡಗಡೆಯಿಂದಲೇ ಹೊಡೆದವು. ಅವನು ಟೀ ಲೋಟ ಕೆಳಗಿಟ್ಟ.

ಊಟಕ್ಕೆ ಹೋಗಿ ಬಂದೆವು. ಪರದೆಯ ಮೇಲೆ ಬಂಗಾರದ ಅಕ್ಷರದಲ್ಲಿ ವಿಜಯ ಅಂತ ಬಂದಿತ್ತು. ಹಿಂದೆ ಸಂಗೀತ. ಅಲ್ಲೊಂದು ಸಾಲು ನನ್ನ ಜಾಣ್ಮೆಯನ್ನು ಹೊಗಳುತ್ತಿತ್ತು.

“ಮೂರು ತಿಂಗಳಿಂದ ಈ ಯುದ್ಧ ಆಡ್ತಾ ಇದೀನಿ ಗುರು,” ಅಂದ ನಜೀರ್. ಮೇಡಂ ಅನ್ನುವುದನ್ನೂ ಮರೆತಿದ್ದ. “ನಾನೇ ಗೆಲ್ತಿದೀನಿ ಅನ್ಕೊಂಡಿದ್ನಲ್ಲ.”

ಒಂದು ಸಲ ಹೀಗಾಗಿರಬಹುದು ಅಂತ ಸೋಮವಾರ ಅದೇ ಕಷ್ಟದ ಹಂತದಲ್ಲಿ ಬೇರೆ ನಕ್ಷೆ ತೆಗೆದು ಮತ್ತೆ ಬಿಟ್ಟೆ. ಮತ್ತೆ ವಿಜಯ. ಆವಾಗ ಯಶವಂತ್ ಸರ್‌ನ ಕರೆದು, ಮೌಸ್ ಮುಟ್ಟದೆಯೇ ಗೆದ್ದದ್ದನ್ನು ತೋರಿಸಿದೆ. ನಿಂತುಕೊಂಡೇ ನೋಡಿದರು.

“ಕ್ರ್ಯಾಶ್ ಆಯ್ತಾ?”

“ಇಲ್ಲ ಸರ್.”

“ಎಲ್ಲಾದ್ರೂ ತಪ್ಪು ಅಕ್ಷರ, ತಪ್ಪು ಲೆಕ್ಕ?”

“ಇಲ್ಲ.”

“ಹಂಗಾದ್ರೆ ಬಗ್ ಏನು? ಏನಂತ ಬರೀತೀಯ?”

ವಿಜಯ ಅನ್ನುವ ಅಕ್ಷರದ ಕಡೆ ಬೆರಳು ತೋರಿಸಿದೆ. ಅವರು ನಿಟ್ಟುಸಿರುಬಿಟ್ಟರು. “ಎರಡು ವರ್ಷ ದುಡಿದಿದಾರಮ್ಮ ಅವರು. ಕೊನೇ ವಾರದಲ್ಲಿ ಹೋಗಿ ನಿಮ್ಮ ಆಟ ಬೇಜಾರು ಅಂತ ಹೇಳೋಕಾಗತ್ತಾ? ಬಗ್ ಇದ್ರೆ ಸಿಸ್ಟಮ್‌ನಲ್ಲಿ ಬರಿ. ಬೇಜಾರಿದ್ರೆ ಡೈರೀಲಿ ಬರ್ಕೋ.”

ನಾನು ಡೈರಿ ಬರೆಯುತ್ತೇನೆ ಅಂತ ಅವರಿಗೆ ಗೊತ್ತಿರಲಿಲ್ಲ. ತಮಾಷೆಗೆ ಅಂದರು. ನನಗೆ ಮಾತ್ರ ಕಿವಿ ಬಿಸಿಯಾಯಿತು. ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ ತಾನೆ.

ಮಂಗಳವಾರ ಬೆಳಿಗ್ಗೆ ಅಮ್ಮನ ಜೊತೆ ವಾಲ್ವ್ ಹತ್ತಿರ ಹೋದೆ. ಆಟದ ಹೆಸರು ಹೇಳದೆ ಅಮ್ಮನಿಗೆ ವಿಷಯ ಹೇಳಿದೆ. ಪಕ್ಕದಲ್ಲಿ ಬಿಸಿಲು ಕಾಯಿಸುತ್ತಾ ಅಜ್ಜಿ ದೊಡ್ಡಮುನಿಯಮ್ಮ ಕೂತಿದ್ದಳು.

“ನೀರು ತಾನೇ ಓಗ್ತದಾ?” ಅಜ್ಜಿ ಕೇಳಿದಳು. “ಇಂಗೆ ತಿರುವೋದೇ ಬ್ಯಾಡ್ವಾ?”

“ಬೇಡ ಅಜ್ಜಿ.”

“ನಮ್ಮನೆಗೂ ಒಂದು ಆಕ್ಸವ್ವ ಮತ್ತೆ. ನಿಮ್ಮಮ್ಮನ ಸೊಂಟ ಉಳೀತದೆ.”

ಅಮ್ಮ ನಕ್ಕಳು. “ಅಲ್ವಾ. ನಂಗೇನು ಇದನ್ನ ತಿರುಗಿಸೋಕೆ ಆಸೆನಾ? ನೀರು ತಾನಾಗೇ ಬಂದ್ರೆ ನಾನು ಮಲಗಿರ್ತೀನಿ.”

“ಮಲಗೋರು ಮಲಗ್ಲಿ ಅಮ್ಮ. ಆದ್ರೆ ಇದು ಆಟ. ತಿರುಗಿಸೋದಕ್ಕೇ ಅಂತ ದುಡ್ಡು ಕೊಟ್ಟು ತಗೊಳ್ತಾರೆ.”

“ಇದನ್ನ ಯಾರಿಗೆ ಹೇಳ್ಬೇಕೋ ಅವರಿಗೆ ಹೇಳಿದ್ಯಾ?” ಅಂದಳು ಅಮ್ಮ, ಕೆಳಗಿನ ಮನೆಯ ವಾಲ್ವ್ ಕಡೆ ನಡೆಯುತ್ತಾ. “ನಂಗೆ ಹೇಳಿದ್ರೆ ನಾನೇನು ಮಾಡ್ಲಿ.”

ಅವತ್ತೇ ತೀರ್ಮಾನ ಮಾಡಿದೆ, ಕಾಲ್‌ನಲ್ಲೇ ಹೇಳುವುದು ಅಂತ. ಬರೆದದ್ದನ್ನು ಅವರು ಮುಚ್ಚಿಬಿಡುತ್ತಾರೆ. ಬಾಯಲ್ಲಿ ಹೇಳಿದ್ದನ್ನು ಮುಚ್ಚಲು ಬಟನ್ ಇಲ್ಲ. ಶುಕ್ರವಾರದ ತನಕ ಬಸ್ಸಿನಲ್ಲಿ, ಹೆಬ್ಬಾಳದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ, ತುಟಿ ಅಲ್ಲಾಡಿಸದೆ ಮಾತು ಕಟ್ಟಿದೆ. ಉದ್ದವಾಗಿದ್ದದ್ದನ್ನು ದಿನಾ ಕತ್ತರಿಸಿದೆ. ‘ಕ್ಷಮಿಸಿ’ ಅನ್ನುವುದು ಮೊದಲು ಹೋಯಿತು. ‘ನನ್ನ ಅಭಿಪ್ರಾಯದಲ್ಲಿ’ ಅನ್ನುವುದು ಆಮೇಲೆ. ಪ್ರೊಬೇಷನ್ ನೆನಪಾದಾಗಲೆಲ್ಲ ಕಟ್ಟಿದ ಮಾತು ಮರೆತು, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ. ಕೆಲಸ ಹೋದರೆ ಮತ್ತೆ ಇಂಟರ್‌ವ್ಯೂ, ಮತ್ತೆ ಅದೇ ಕುರ್ಚಿ. ಹೋಗಲಿ ಅಂತ ಅನ್ನಿಸಲಿಲ್ಲ. ಹೋದರೂ ಹೇಳುತ್ತೇನೆ ಅಂತ ಅನ್ನಿಸಿತು.

ಶುಕ್ರವಾರ ಸಂಜೆ ಮೀಟಿಂಗ್ ರೂಮಿನಲ್ಲಿ ಟೇಬಲ್ ನಡುವೆ ಫೋನ್ ಇಟ್ಟುಕೊಂಡು ನಾಲ್ವರೂ ಕೂತೆವು. ಆ ಕಡೆ ಆಟ ಮಾಡಿದವರ ಮುಖ್ಯಸ್ಥ, ಮಾರ್ಟಿನ್ ಅಂತ. ದಣಿದ ದನಿ, ಆದರೆ ಖುಷಿಯಲ್ಲಿದ್ದ. ಯಶವಂತ್ ಸರ್ ಸರಿಯಾದದ್ದು, ಸರಿಯಾಗಬೇಕಾದದ್ದು ಎಲ್ಲ ಓದಿದರು. ಕೊನೆಗೆ ನಮ್ಮಲ್ಲಿ ಒಂದು ಪದ್ಧತಿ. ಒಬ್ಬೊಬ್ಬರೇ ಹೆಸರು ಹೇಳಿ, ನನ್ನ ಕಡೆಯಿಂದ ಏನೂ ಇಲ್ಲ ಅನ್ನಬೇಕು. ಏನಾದರೂ ಇದೆ ಅಂದವರನ್ನು ನಾನು ಇನ್ನೂ ನೋಡಿರಲಿಲ್ಲ. ಅದು ಪೂಜೆ ಮುಗಿದ ಮೇಲೆ ಕೈಮುಗಿಯುವ ಹಾಗೆ.

“ರಮ್ಯಾ. ನನ್ನ ಕಡೆಯಿಂದ ಏನೂ ಇಲ್ಲ.”

ನಜೀರ್ ನನ್ನ ಮುಖ ನೋಡಿದ. “ನಜೀರ್. ನನ್ನದು ಹರ್ಷಿತಾ ಹೇಳ್ತಾಳೆ,” ಅಂದ.

ಯಶವಂತ್ ಸರ್ ಪೆನ್ನು ನಿಂತಿತು. ಅವರ ಕೈ ಫೋನಿನ ಮ್ಯೂಟ್ ಬಟನ್ ಹತ್ತಿರ ಹೋಯಿತು. ನಾನು ಅವರನ್ನೇ ನೋಡಿದೆ. ಯಾರನ್ನಾದರೂ ಅಷ್ಟು ಹೊತ್ತು ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು. ಅವರು ಒತ್ತಲಿಲ್ಲ. ಕೈಯನ್ನು ಹಿಂದೆ ತೆಗೆಯಲೂ ಇಲ್ಲ.

“ಹರ್ಷಿತಾ,” ಅಂದೆ. ದನಿ ತೆಳ್ಳಗೆ ಬಂತು, ಆದರೆ ಬಂತು. “ನನ್ನ ಕಡೆಯಿಂದ ಒಂದಿದೆ.”

“ಹೇಳಿ,” ಅಂದ ಮಾರ್ಟಿನ್.

ಅವನಿಗೆ ತಿಳಿಯುವ ಭಾಷೆಯಲ್ಲಿ, ಒಂದೊಂದೇ ಮಾತಾಗಿ ಹೇಳಿದೆ.

“ನಿಮ್ಮ ಆಟವನ್ನ ಅತಿ ಕಷ್ಟದ ಹಂತದಲ್ಲಿ, ಮೊದಲಿಂದ ಕೊನೆಯವರೆಗೆ, ಕೈಕಟ್ಟಿ ಕೂತು ಗೆದ್ದಿದ್ದೀನಿ. ಎರಡು ಸಲ. ಈ ಆಟಕ್ಕೆ ಆಡೋರು ಬೇಕಾಗಿಲ್ಲ.”