ಪಕ್ಕದ ಸೀಟಿನ ಬ್ರೇಕು

ಚರಾಚರವಾದ ಈ ಜಗತ್ತನ್ನು ಸದ್ದಿಲ್ಲದೆ ನಡೆಸುವವನೂ, ನಿಲ್ಲಿಸಬೇಕೆನಿಸಿದ ಗಳಿಗೆಯಲ್ಲಿ ಯಾವ ಗ್ಯಾರೇಜಿನವನ ಅಪ್ಪಣೆಗೂ ಕಾಯದೆ ನಿಲ್ಲಿಸಬಲ್ಲವನೂ ಆದ ಭಗವಂತನ ಪಾದಗಳಿಗೆ ಮೊದಲು ತಲೆಬಾಗೋಣ. ಸೂರ್ಯಚಂದ್ರರನ್ನು ಒಮ್ಮೆ ಜೋಡಿಸಿ ಕಳಿಸಿದವನು ಮತ್ತೆಂದೂ ಅವರನ್ನು ರಿಪೇರಿಗೆ ಕರೆಯಲಿಲ್ಲ. ಅಂಥ ಕುಶಲನ ಕೃಪೆ, ಜೋಡಿಸುವುದನ್ನು ಮರೆತವರ ಮೇಲೂ ಇರಲಿ. ಅದರ ಅಗತ್ಯ ಅವರಿಗೇ ಹೆಚ್ಚು.

ಒಂದೂರಿನಲ್ಲಿ ಕಾರು ಓಡಿಸುವುದನ್ನು ಕಲಿಸಿ ಬದುಕುವ ಹೆಂಗಸೊಬ್ಬಳಿದ್ದಳು. ಕಲಿತವರೂ ಕಲಿಯದವರೂ ಅವಳನ್ನು ಟೀಚರಮ್ಮ ಎನ್ನುತ್ತಿದ್ದರು. ಅವಳ ಕಾರಿನಲ್ಲಿ ಎರಡು ಬ್ರೇಕುಗಳು: ಸ್ಟಿಯರಿಂಗ್ ಹಿಡಿದವರ ಕಾಲಿಗೊಂದು, ಪಕ್ಕದಲ್ಲಿ ಕೂತು ಪ್ರಾಣ ಹಿಡಿದುಕೊಂಡಿರುವ ಗುರುವಿನ ಕಾಲಿಗೊಂದು. ಎರಡನೆಯದನ್ನು ತುಳಿದರೆ ಅಡಿಯಲ್ಲಿರುವ ಕಬ್ಬಿಣದ ಸರಳೊಂದು ಮೊದಲನೆಯದನ್ನು ಎಳೆದು ಗಾಡಿಯನ್ನು ನಿಲ್ಲಿಸಬೇಕು. ಟೀಚರಮ್ಮನ ಅನ್ನ, ಧೈರ್ಯ, ಒಳ್ಳೆಯ ಹೆಸರು ಮೂರೂ ಆ ಸರಳಿಗೆ ನೇತುಬಿದ್ದಿದ್ದುವು.

ಕ್ಲಚ್ ಸವೆದಿದೆಯೆಂದು ಗಾಡಿಯನ್ನು ಗ್ಯಾರೇಜಿಗೆ ಬಿಟ್ಟಳು. ಕ್ಲಚ್ ಹೊಸದಾಗಿ ಬಂತು. ಮರುದಿನ ಬೆಳಿಗ್ಗೆ ಶಿಷ್ಯೆಯೊಬ್ಬಳು ಗಾಬರಿಯಲ್ಲಿ ಬ್ರೇಕೆಂದು ಎಕ್ಸಲರೇಟರನ್ನು ತುಳಿದಳು. ಟೀಚರಮ್ಮ ಎಂದಿನಂತೆ ತನ್ನ ಕಡೆಯ ಬ್ರೇಕನ್ನು ತುಳಿದಳು. ಆ ಪೆಡಲು ಬಹಳ ವಿನಯದಿಂದ ಬಾಗಿ, ಅಷ್ಟೇ ವಿನಯದಿಂದ ಮೇಲೆದ್ದಿತು. ಗಾಡಿ ಮಾತ್ರ ತನ್ನ ಪಾಡಿಗೆ ಮುಂದಕ್ಕೆ ನಡೆಯಿತು. ಹ್ಯಾಂಡ್‌ಬ್ರೇಕ್ ಎಳೆಯುವ ಹೊತ್ತಿಗೆ ಬಂಪರು ಯಾರದೋ ಕಾಂಪೌಂಡಿನ ಕುಶಲ ವಿಚಾರಿಸಿ ಆಗಿತ್ತು.

ಆ ಶಿಷ್ಯೆ ನರ್ಸು. ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಶುಶ್ರೂಷೆ ಮಾಡುವ ಕೆಲಸವೊಂದು ಅವಳಿಗೆ ಸಿಕ್ಕಿತ್ತು. ಆಸ್ಪತ್ರೆಯವರು ಕಾರು ಕೊಡುತ್ತಾರೆ, ಲೈಸೆನ್ಸನ್ನು ಅವಳೇ ತರಬೇಕು. ಆ ವಾರದ ಕೊನೆಗೆ ಪರೀಕ್ಷೆ. ತಪ್ಪಿದರೆ ಕೆಲಸ ಬೇರೆಯವರ ಪಾಲು. ಬೇರೆ ಗಾಡಿ ಅವಳ ಕೈಗೆ ಒಗ್ಗದು, ಬ್ರೇಕಿಲ್ಲದ ಈ ಗಾಡಿಯಲ್ಲಿ ಅವಳ ಪಕ್ಕ ಕೂರಲು ಟೀಚರಮ್ಮನಿಗೆ ಎದೆಯಿಲ್ಲ. ಎಳೆಗೂಸಿನ ನರಕ್ಕೂ ಅಳುಕದೆ ಸೂಜಿ ಚುಚ್ಚುವ ಅವಳ ಕೈಗಳು ಸ್ಟಿಯರಿಂಗ್ ಮುಟ್ಟಿದ ಕೂಡಲೇ ಗಡಗಡ ನಡುಗುತ್ತಿದ್ದುವು.

ಟೀಚರಮ್ಮ ಗ್ಯಾರೇಜಿಗೆ ಹೋದಳು. ಯಜಮಾನರು ಗಾಜಿನ ಕೋಣೆಯಲ್ಲಿ, ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿಯಲ್ಲಿ ಆಸೀನರಾಗಿದ್ದರು. ಬಂದವರಿಗೆ ಹಳೆಯ ಕಾರೊಂದರಿಂದ ಕಿತ್ತ ಸೀಟು. ಅದರ ಬೆಲ್ಟು ಇನ್ನೂ ನೇತಾಡುತ್ತಿತ್ತು.

"ಯಜಮಾನರೇ, ನನ್ನ ಕಡೆ ಬ್ರೇಕ್ ಹಿಡೀತಿಲ್ಲ."

"ಹಿಡಿಯುತ್ತೆ ಅಕ್ಕಾ. ಹೊಸದಾಗಿ ಬಿಚ್ಚಿ ಹಾಕಿದೀವಿ ನೋಡಿ, ಸ್ವಲ್ಪ ಓಡ್ಲಿ. ಸೆಟ್ ಆಗುತ್ತೆ."

"ನಿಲ್ಲೋಕೇ ಬರದೆ ಇರೋದನ್ನ ಹೇಗಪ್ಪ ಓಡಿಸ್ಲಿ?"

"ಸೆಟ್ ಆಗುತ್ತೆ ಅಂದ್ನಲ್ಲ."

ಇದು ಆ ಗ್ಯಾರೇಜಿನ ಮಹಾವಾಕ್ಯ. ಬಾಗಿಲು ಮುಚ್ಚದಿದ್ದರೂ, ಹಾರ್ನು ಒತ್ತಿದರೆ ವೈಪರು ಆಡಿದರೂ ಇದೇ ಉತ್ತರ. ಶಾಸ್ತ್ರಗಳು ಸಾವಿರ ಶ್ಲೋಕಗಳಲ್ಲಿ ಬಿಡಿಸಲಾರದ ಸಂಶಯಗಳು ಇಲ್ಲಿ ಎರಡು ಪದಗಳಲ್ಲಿ ಶಮನಗೊಳ್ಳುತ್ತಿದ್ದುವು. ಸಂಶಯ ತಂದವರು ಬೇಸತ್ತು ಮನೆಗೆ ಹೋಗುತ್ತಿದ್ದುದರಿಂದ ಸಿದ್ಧಾಂತಕ್ಕೆ ಎಂದೂ ಭಂಗ ಬಂದಿರಲಿಲ್ಲ.

ಆದರೂ ಯಜಮಾನರು ದೊಡ್ಡ ಮನಸ್ಸು ಮಾಡಿದರು. ಪೆಡಲಿಗೆ ಒಂದಿಷ್ಟು ಎಣ್ಣೆ ಸಿಂಪಡಿಸಿ, ಸ್ವತಃ ಡ್ರೈವರ್ ಸೀಟಿನಲ್ಲಿ ಕೂತು, ಬೀದಿಯ ತುದಿಯವರೆಗೆ ಟ್ರಯಲ್ ಹೋಗಿ ಬಂದರು. "ಬೆಣ್ಣೆ ಥರ ಹಿಡೀತಿದೆ," ಎಂದು ಕೀಲಿಕೈ ಕೊಟ್ಟರು. ಅವರು ತುಳಿದದ್ದು ಡ್ರೈವರಿನ ಬ್ರೇಕನ್ನು. ಕೆಟ್ಟಿದ್ದು ಪಕ್ಕದ್ದು.

ಅದನ್ನು ತಿಳಿಸಲು ಮಾರನೆಯ ದಿನ ಮತ್ತೆ ಹೋದಾಗ ಸಿದ್ಧಾಂತ ಇನ್ನಷ್ಟು ಸೂಕ್ಷ್ಮವಾಗಿತ್ತು.

"ನೋಡಿ ಅಕ್ಕಾ, ಕಂಪನಿಯೋರು ಈ ಕಾರಿಗೆ ಕೊಟ್ಟಿರೋದು ಒಂದೇ ಬ್ರೇಕ್. ಅದು ಹಿಡೀತಿದೆ. ಇನ್ನೊಂದು ನೀವು ಹಾಕ್ಸಿರೋದು. ಅದು ಎಕ್ಸ್‌ಟ್ರಾ ಫಿಟ್ಟಿಂಗ್, ನಮಗೆ ಸಂಬಂಧ ಇಲ್ಲ."

"ನಿಮ್ಮ ಹತ್ರ ಬರೋ ಮುಂಚೆ ಹಿಡೀತಿತ್ತಲ್ಲ?"

"ಅದೇ ನನಗೂ ಆಶ್ಚರ್ಯ," ಎಂದರು ಯಜಮಾನರು.

ಟೀಚರಮ್ಮ ಎದುರು ಬೀದಿಯ ಗ್ಯಾರೇಜಿಗೆ ಹೋಗಿ ಕೇಳಿದಳು. ಅಲ್ಲಿಯ ಮೆಕ್ಯಾನಿಕ್ಕು ಬಾನೆಟ್ಟಿನ ಕಡೆಗೂ ನೋಡದೆ ಕೈಯೆತ್ತಿಬಿಟ್ಟ. "ಅವರು ಬಿಚ್ಚಿದ್ದನ್ನ ನಾವು ಮುಟ್ಟಲ್ಲ ಅಕ್ಕಾ. ಧರ್ಮ ಅಲ್ಲ." ಧರ್ಮವು ಲೋಕದಲ್ಲಿ ಕ್ಷೀಣಿಸಿದೆಯೆಂದು ಮರುಗುವವರು ಎಂಥ ತಪ್ಪು ತಿಳಿದಿದ್ದಾರೆ! ಅದು ಎದುರು ಬೀದಿಯಲ್ಲಿ ಕೈಗೆ ಗ್ರೀಸು ಬಳಿದುಕೊಂಡು ಬಹಳ ಆರೋಗ್ಯವಾಗಿದೆ.

ಪರೀಕ್ಷೆಯ ಹಿಂದಿನ ದಿನ ಟೀಚರಮ್ಮ ನರ್ಸನ್ನೇ ಕರೆದುಕೊಂಡು ಮೂರನೆಯ ಸಲ ಗಾಜಿನ ಕೋಣೆಗೆ ಬಂದಳು. ಅಲ್ಲಿ ಬೇರೆ ಗಿರಾಕಿಗಳೂ ತಮ್ಮ ಗಾಡಿ ಸೆಟ್ ಆಗುವುದನ್ನು ಕಾಯುತ್ತ ಕೂತಿದ್ದರು.

"ಜಗಳಕ್ಕೆ ಬಂದಿಲ್ಲ," ಎಂದಳು. "ನಿಮ್ಮ ಮಾತೇ ಸರಿ ಇರಬಹುದು. ಇವರೆಲ್ಲರ ಮುಂದೆ ಒಂದು ಟ್ರಯಲ್ ತೋರಿಸಿಬಿಡಿ. ನೀವು ನನ್ನ ಸೀಟಲ್ಲಿ ಕೂತ್ಕೊಳ್ಳಿ, ಇವಳು ಓಡಿಸ್ತಾಳೆ. ಬ್ರೇಕ್ ಹಿಡಿದ್ರೆ ನಾನು ಮತ್ತೆ ಈ ಕಡೆ ತಲೆ ಹಾಕಲ್ಲ."

"ತಲೆ ಹಾಕಲ್ಲ ಅಂತ ಮಾತು ಕೊಡ್ತೀರಾ?"

"ಕೊಟ್ಟೆ."

ಯಜಮಾನರ ಮುಖ ಅರಳಿತು.

ಗ್ಯಾರೇಜಿನ ಹಿಂದೆ ವಿಶಾಲವಾದ ಅಂಗಳ. ಗಿರಾಕಿಗಳೂ ಎದ್ದು ಅಲ್ಲಿಗೆ ಬಂದು ನಿಂತರು. ಇಕ್ಕೆಲಗಳಲ್ಲಿ ಹಳೆಯ ಗಾಡಿಗಳು ಟೈರಿನವರೆಗೆ ಹುಲ್ಲು ಬೆಳೆಸಿಕೊಂಡು ತಪಸ್ಸಿಗೆ ಕೂತಿದ್ದುವು. ಕೊನೆಯ ಗೋಡೆಯ ನೆರಳಿನಲ್ಲಿ, ಬಟ್ಟೆ ಹೊದ್ದು, ಯಜಮಾನರ ಸ್ವಂತ ಹೊಸ ಕಾರು. ನರ್ಸು ಸ್ಟಿಯರಿಂಗ್ ಹಿಡಿದಳು. ಯಜಮಾನರು ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು. ಟೀಚರಮ್ಮ ಹಿಂದಿನ ಸೀಟಿನಿಂದ ಬಾಗಿ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡಳು.

"ನಡಿಯಮ್ಮ, ಹೆದರ್ಬೇಡ. ನಾನಿದೀನಿ, ಬ್ರೇಕಿದೆ," ಎಂದು ಅಭಯ ದೊರೆಯಿತು.

ಗಾಡಿ ಹೊರಟಿತು. ಅಂಗಳದ ನಡುವೆ ತಿರುಗಬೇಕಾದಲ್ಲಿ ನರ್ಸಿನ ಕೈಗಳು ನಡುಗಿ, ಕಾಲು ಎಂದಿನ ತಪ್ಪು ಜಾಗವನ್ನೇ ಹುಡುಕಿಕೊಂಡಿತು. ಇಂಜಿನು ಗುರ್ರೆಂದಿತು. ಬಟ್ಟೆ ಹೊದ್ದ ಕಾರು ಎದುರಿಗೆ ದೊಡ್ಡದಾಗುತ್ತ ಬಂತು. ಯಜಮಾನರು ನಗುತ್ತಲೇ ಪೆಡಲು ತುಳಿದರು. ಪೆಡಲು ನಮಸ್ಕರಿಸಿತು. ಮತ್ತೊಮ್ಮೆ ತುಳಿದರು, ಮತ್ತೊಮ್ಮೆ ನಮಸ್ಕರಿಸಿತು. ಆಮೇಲೆ ಎರಡು ಕಾಲುಗಳಲ್ಲೂ ತುಳಿಯುತ್ತ, ಡ್ಯಾಶ್‌ಬೋರ್ಡನ್ನು ತಬ್ಬಿಕೊಂಡು, "ಹಿಡೀತಿಲ್ಲ, ಹಿಡೀತಿಲ್ಲ ಅಮ್ಮಾ," ಎಂದರು. ಮುಖ ಬಿಳಿಚಿತು, ಬೆವರು ಕಿತ್ತುಕೊಂಡು ಬಂತು, ಉಸಿರು ಮೇಲಕ್ಕೆ ಹೋದದ್ದು ಕೆಳಗೆ ಬರಲಿಲ್ಲ.

ನರ್ಸು ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದಳು. ಇಷ್ಟು ದಿನ ಆ ಸೀಟಿನಲ್ಲಿ ಕೂರುತ್ತಿದ್ದವಳು ಗುರು. ಈಗ ಕೂತಿರುವುದು ರೋಗಿ. ರೋಗಿಯ ಎದುರಿಗೆ ಅವಳ ಕೈ ಎಂದೂ ನಡುಗಿದ್ದಿಲ್ಲ. ಕಾಲು ತಾನಾಗಿ ಎಕ್ಸಲರೇಟರಿನಿಂದ ಎದ್ದು ಬ್ರೇಕಿನ ಮೇಲೆ ಕೂತಿತು, ಹಸುಗೂಸನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆತ್ತಗೆ. ಹೊಸ ಕಾರಿನ ಬಟ್ಟೆಗೆ ಒಂದು ಗೇಣಿರುವಾಗ ಗಾಡಿ ನಿಂತಿತು. ಅವಳು ಗೇರ್ ಬಿಡಿಸಿ, ಇಂಜಿನ್ ಆರಿಸಿ, ಯಜಮಾನರ ಮಣಿಕಟ್ಟು ಹಿಡಿದು ಗಡಿಯಾರ ನೋಡತೊಡಗಿದಳು.

"ಮಾತಾಡ್ಬೇಡಿ. ಉಸಿರು ನಿಧಾನಕ್ಕೆ ಬಿಡಿ. ಹಿಂದೆ ಯಾವಾಗ್ಲಾದ್ರೂ ಹೀಗಾಗಿತ್ತಾ?"

"ಇಲ್ಲ."

"ಈ ಸೀಟಲ್ಲಿ ಯಾವಾಗ್ಲಾದ್ರೂ ಕೂತಿದ್ರಾ?"

"ಇಲ್ಲಮ್ಮ."

"ಹಾಗಾದ್ರೆ ಗಾಬರಿ ಪಡೋ ಅಂಥ ಕಾಯಿಲೆ ಏನಲ್ಲ."

ಹಿಂದಿನ ಸೀಟಿನಲ್ಲಿ ಟೀಚರಮ್ಮ ತನ್ನ ಕೈಯನ್ನೇ ನೋಡಿಕೊಂಡಳು. ಹ್ಯಾಂಡ್‌ಬ್ರೇಕ್ ಎಳೆಯುವ ಮೊದಲೇ ಗಾಡಿ ನಿಂತಿತ್ತು. ಇಷ್ಟು ದಿನವೂ ಶಿಷ್ಯೆಯ ಕಾಲಿಗೆ ಬುದ್ಧಿ ಬರುವಷ್ಟರಲ್ಲಿ ಗುರುವಿನ ಕಾಲು ಮುಂದೆ ಬಿದ್ದು ಪುಣ್ಯ ಕಟ್ಟಿಕೊಳ್ಳುತ್ತಿತ್ತು. ತಿದ್ದಬೇಕಾದ ಕಾಲು ಯಾವುದೆಂದು ತೋರಿಸಲು ಗ್ಯಾರೇಜಿನ ಸೋಮಾರಿತನವೇ ಬರಬೇಕಾಯಿತೆಂಬುದು ಅವಳಿಗೆ ಅಷ್ಟೇನೂ ರುಚಿಸಲಿಲ್ಲ.

ನೀರು ಕುಡಿದು ಚೇತರಿಸಿಕೊಂಡ ಯಜಮಾನರು ಯಾರನ್ನೂ ಕರೆಯಲಿಲ್ಲ. ಇಸ್ತ್ರಿಯ ಅಂಗಿಯಲ್ಲೇ ಸೀಟಿನ ಬುಡಕ್ಕೆ ತಲೆ ತೂರಿಸಿದರು. ಒಳಗಿನಿಂದ ಬಹಳ ಹೊತ್ತು ಬರೀ ಏದುಸಿರು ಕೇಳಿಸಿತು.

"ಸರಳನ್ನ ಪೆಡಲಿಗೆ ಸಿಕ್ಕಿಸೋ ಪಿನ್ ಇಲ್ಲ," ಎಂದಿತು ಕೊನೆಗೆ ಧ್ವನಿ.

"ಎಲ್ಲಿ ಹೋಯ್ತು?"

"ಹಾಕಿಲ್ಲ."

ಗಿರಾಕಿಗಳು ಪರಸ್ಪರ ಮುಖ ನೋಡಿಕೊಂಡು, ತಂತಮ್ಮ ಗಾಡಿಗಳ ಕಡೆಗೆ ಮೆಲ್ಲನೆ ತಿರುಗಿದರು. ಯಜಮಾನರು ಬೆರಳುದ್ದದ ಪಿನ್ನೊಂದನ್ನು ಹುಡುಕಿ ತಂದು ಜೋಡಿಸಿದರು. ಪಕ್ಕದ ಪೆಡಲು ತುಳಿದರೆ ಡ್ರೈವರಿನದೂ ಜೊತೆಗೇ ಇಳಿಯಿತು. "ತಪ್ಪಾಯ್ತು ಅಕ್ಕಾ," ಎಂದರು, ನೆಲ ನೋಡುತ್ತ.

"ಇರ್ಲಿ ಬಿಡಿ. ಹತ್ತಿ, ಇನ್ನೊಂದು ಟ್ರಯಲ್ ಹೋಗಿ ಬರೋಣ."

"ನೀವೇ ನೋಡ್ಕೊಳ್ಳಿ ಅಕ್ಕಾ. ನನಗೆ ನಂಬಿಕೆ ಇದೆ."

ಮರುದಿನ ಪರೀಕ್ಷಕರು ಬಿಗಿದ ಮುಖದಿಂದ ಬಂದು ಪಕ್ಕದಲ್ಲಿ ಕೂತರು. ನರ್ಸು ಒಂದು ಕ್ಷಣ ಅವರನ್ನು ದಿಟ್ಟಿಸಿ, "ಆರಾಮಾಗಿದೀರಾ ಸರ್? ಬೆಲ್ಟ್ ಒತ್ತುತ್ತಿದೆಯಾ?" ಎಂದು ಕೇಳಿದಳು. ಆ ಕೆಲಸಕ್ಕೆ ಸೇರಿದಾಗಿನಿಂದ ಅವರ ಆರಾಮವನ್ನು ಯಾರೂ ವಿಚಾರಿಸಿರಲಿಲ್ಲ. ಗಾಡಿ ಹೋಯಿತು, ತಿರುಗಿತು, ಹೇಳಿದಲ್ಲಿ ನಿಂತಿತು. ಇಳಿಯುವಾಗ ಪರೀಕ್ಷಕರು ಪಾಸೆಂದು ಬರೆದುಕೊಟ್ಟು, ತಮ್ಮ ಮೊಣಕಾಲು ನೋವಿನ ವಿಷಯವನ್ನೂ ಸ್ವಲ್ಪ ಹೇಳಿಕೊಂಡರು.

ಹಿಂತಿರುಗುವಾಗಲೂ ಅವಳೇ ಓಡಿಸಿದಳು. ವೃತ್ತದಲ್ಲಿ ಬಸ್ಸೊಂದು ಅಡ್ಡ ಬಂದಾಗ ಟೀಚರಮ್ಮ ಎರಡೂ ಪಾದಗಳನ್ನು ಹಿಂದಕ್ಕೆಳೆದು, ಒಂದರ ಮೇಲೊಂದು ಹೇರಿ ಸೀಟಿನ ಕೆಳಗೆ ಅಡಗಿಸಿಟ್ಟಳು. ಬಹಳ ಕಷ್ಟವಾಯಿತು. ಗಾಡಿ ನಿಂತಿತು, ಬಸ್ಸು ಹೋಯಿತು.

ಇದನ್ನು ಕೇಳಿದವರೆಲ್ಲರಿಗೂ ಒಳಿತಾಗಲಿ. ಅವರು ಬಿಟ್ಟುಬಂದ ಗಾಡಿಗಳಿಂದ ಬಿಚ್ಚಿದ್ದೆಲ್ಲ ಮರಳಿ ಒಳಗೇ ಸೇರಲಿ. ಕಲಿಸುವವರಿಗೆ ತಾಳ್ಮೆ, ಕಲಿಯುವವರಿಗೆ ಧೈರ್ಯ, ರಿಪೇರಿ ಮಾಡುವವರಿಗೆ ನೆನಪು ಒದಗಲಿ. ಹೊರಟವರೆಲ್ಲ ಕ್ಷೇಮವಾಗಿ ಮನೆ ಮುಟ್ಟಲಿ.