ಜ್ಯೂರಿಕ್‌ಗೆ ಹೋಗಿ ಬಂದವನ ಸನ್ಮಾನ

ಹಲಸೂರಿನ ಬೈಲಪ್ಪನವರ ಮಗ ಮುನಿಆಂಜನಪ್ಪ ಹಾಲಿನ ವಿಷಯ ಓದಲು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೊರಟಿದ್ದು ಸ್ವಾತಂತ್ರ್ಯ ಬಂದ ವರ್ಷ. ಮನೆಯಲ್ಲಿ ಹಟ್ಟಿ ತುಂಬ ಎಮ್ಮೆಗಳಿದ್ದವು. ದಂಡು ಪ್ರದೇಶದ ಎಷ್ಟೋ ಬಂಗಲೆಗಳಿಗೆ ಅವರ ಮನೆಯಿಂದಲೇ ಹಾಲು ಹೋಗುತ್ತಿತ್ತು. ಆದರೆ ಹಾಲು ಕಲಿಯಲು ಮಗ ಹಡಗು ಹತ್ತುತ್ತಾನೆಂದು ಹೇಳಿಕೊಳ್ಳಲು ಬೈಲಪ್ಪನವರಿಗೆ ನಾಚಿಕೆ. ಕೇಳಿದವರಿಗೆಲ್ಲ “ಎಂಜಿನಿಯರಿಂಗು” ಎಂದುಬಿಟ್ಟರು.

ಅಲ್ಲಿಯವರದು ಜರ್ಮನ್ ಭಾಷೆ ಎಂದು ತಿಳಿದು ಮುನಿಆಂಜನಪ್ಪ ಬೆನ್ಸನ್ ಟೌನಿನ ಮುದುಕ ಪಾದ್ರಿಯೊಬ್ಬರ ಹತ್ತಿರ ಪಾಠ ಹೇಳಿಸಿಕೊಂಡಿದ್ದ. ಪಾದ್ರಿಯ ಬಳಿ ಇದ್ದ ಜರ್ಮನ್ ಪುಸ್ತಕವೆಂದರೆ ಹಳೆಯ ಬೈಬಲ್ ಒಂದೇ. ಹೀಗಾಗಿ ಜ್ಯೂರಿಕ್‌ನ ಟ್ರ್ಯಾಮಿನಲ್ಲಿ ಅವನು ಮೊದಲ ಸಲ ಬಾಯಿ ಬಿಟ್ಟಾಗ ಕಂಡಕ್ಟರನಿಗೆ ಕೇಳಿಸಿದ್ದು ಸುಮಾರು ಹೀಗೆ: “ಎಲೈ ಸೇವಕನೇ, ಈ ರಥವು ಯಾವ ಪಟ್ಟಣಕ್ಕೆ ಹೋಗುವುದೆಂದು ನನಗೆ ಅರುಹುವಂಥವನಾಗು.” ಕಂಡಕ್ಟರ್ ಟೋಪಿ ತೆಗೆದು ನಿಂತ. ಅವನು ಕೊಟ್ಟ ಉತ್ತರ ಮಾತ್ರ ಮುನಿಆಂಜನಪ್ಪನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆ ಊರಿನವರು ಬರೆಯುವುದು ಜರ್ಮನ್. ಆಡುವುದು ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿಕೊಂಡವರಂತೆ ಬೇರೆಯೇ ಒಂದು ನುಡಿ.

ಅವನಿಗೆ ಬಾಡಿಗೆಗೆ ಕೋಣೆ ಕೊಟ್ಟವಳು ಹೂಬರ್ ಎಂಬ ವಿಧವೆ. ಅವಳ ಮನೆಯಲ್ಲಿ ಸ್ನಾನ ಶನಿವಾರ ಮಾತ್ರ. ದೇವರ ದಿನವಾದ ಭಾನುವಾರ ಬಟ್ಟೆ ಒಣಹಾಕಿದರೆ ಬೀದಿಯವರೆಲ್ಲ ಬಂದು ಬಾಗಿಲು ತಟ್ಟಿ ಜಗಳಕ್ಕೆ ನಿಲ್ಲುತ್ತಿದ್ದರು. ಮುನಿಆಂಜನಪ್ಪ ಹಲಸೂರಿನ ಅಭ್ಯಾಸದಂತೆ ದಿನಾ ಬೆಳಿಗ್ಗೆ ಮೈಮೇಲೆ ನೀರು ಸುರಿದುಕೊಳ್ಳುವುದನ್ನು ಕೆಲವು ವಾರ ನೋಡಿದ ಆಕೆ, ಒಂದು ಸಂಜೆ ಹತ್ತಿರ ಕೂತು, ತನಗೆ ಒಳ್ಳೆಯ ಚರ್ಮರೋಗದ ಡಾಕ್ಟರರ ಪರಿಚಯವಿದೆ, ಸಂಕೋಚಪಡಬೇಡ ಎಂದು ಮೆಲ್ಲಗೆ ಹೇಳಿದಳು.

ಬ್ರೆಡ್ಡು, ಆಲೂಗಡ್ಡೆ ತಿಂದು ತಿಂದು ನಾಲಿಗೆ ಸತ್ತುಹೋದ ಒಂದು ದಿನ ಅವನು ತಾಯಿ ಮಾರಕ್ಕ ಕಟ್ಟಿಕೊಟ್ಟಿದ್ದ ಇಂಗು ಹಾಕಿ ಸಾರಿಗೆ ಒಗ್ಗರಣೆ ಕೊಟ್ಟ. ಮೇಲಿನ ಮನೆಯವರಿಗೆ ಗ್ಯಾಸ್ ಸೋರುತ್ತಿದೆ ಎನ್ನಿಸಿತು. ಗ್ಯಾಸಿನವರು ಸ್ಪ್ಯಾನರ್ ಹಿಡಿದು ಓಡಿ ಬಂದು ಇಡೀ ಕಟ್ಟಡದ ಒಲೆಗಳನ್ನು ಆರಿಸಿದರು. ಮುನಿಆಂಜನಪ್ಪ ಇಂಗಿನ ಡಬ್ಬಿಯನ್ನು ಮುಂದೆ ಹಿಡಿದ. ಮೇಸ್ತ್ರಿ ಮೂಸಿ, ಡಬ್ಬಿ ವಾಪಸು ಕೊಟ್ಟು, ಕಿಟಕಿ ತೆರೆದು, “ಇದನ್ನು ತಿನ್ನುತ್ತೀರಾ?” ಎಂದು ಕೇಳಿದ. ಬಹಳ ಮರುಕದಿಂದ ಕೇಳಿದ.

ಹೀಗೆ ಓದು ಮುಗಿಸಿ ಮುನಿಆಂಜನಪ್ಪ ಹಿಂತಿರುಗಿದಾಗ ಹಲಸೂರಿನ ಮುನಿಸಿಪಲ್ ಮೆಂಬರು ಚಿಕ್ಕಮುನಿಯಪ್ಪನವರು ಸನ್ಮಾನ ಏರ್ಪಡಿಸಿದರು. ಭಜನೆ ಮಂದಿರದ ಅಂಗಳ ತುಂಬಿತು.

“ನಮ್ಮೂರ ಹುಡುಗ ಜರ್ಮನಿ ಗೆದ್ದು ಬಂದವ್ನೆ!” ಎಂದು ಚಿಕ್ಕಮುನಿಯಪ್ಪ ಹಾರ ಹಾಕಿದರು.

“ಜರ್ಮನಿ ಅಲ್ಲ, ಸ್ವಿಟ್ಜರ್ಲೆಂಡು,” ಎಂದ ಮುನಿಆಂಜನಪ್ಪ.

“ಅದನ್ನೂ ಗೆದ್ದವ್ನೆ!”

ಮುನಿಆಂಜನಪ್ಪ ಎದ್ದು ನಿಂತು ಇದ್ದದ್ದನ್ನು ಇದ್ದಂತೆ ಹೇಳಿದ. ಟ್ರ್ಯಾಮು, ಶನಿವಾರದ ಸ್ನಾನ, ಬಟ್ಟೆಯ ಜಗಳ, ಇಂಗು. ಮಾರಕ್ಕ ಹೆಂಗಸರ ಸಾಲಿನಿಂದಲೇ, “ಇಂಗು ಗೊತ್ತಿಲ್ದೋರ ಮಧ್ಯೆ ಹೆಂಗಿದ್ಯೋ ಮಗಾ!” ಎಂದು ಕೂಗಿದರು. ಉಳಿದವರ ಮುಖ ಸಪ್ಪಗಾಯಿತು. ಮುಂದಿನ ಸಾಲಿನ ಒಬ್ಬರು, “ಅಷ್ಟು ದೂರ ಹೋಗಿ ಓದಿದ್ದೇನಪ್ಪಾ?” ಎಂದು ಕೇಳಿದರು.

“ಹಾಲು.”

ಬೈಲಪ್ಪನವರು ರುಮಾಲು ಸರಿಮಾಡಿಕೊಳ್ಳುತ್ತ ತಲೆ ತಗ್ಗಿಸಿದರು. ಜನ ಏಳತೊಡಗಿದರು.

ಆಗ ಧಡಕ್ಕನೆ ವೇದಿಕೆ ಹತ್ತಿದವನು ವಾಜಿದ್. ಮುನಿಆಂಜನಪ್ಪನ ಬಾಲ್ಯದ ಗೆಳೆಯ, ಬ್ಲ್ಯಾಕ್‌ಪಳ್ಳಿಯಲ್ಲಿ ಸೈಕಲ್ ಅಂಗಡಿ ಇಟ್ಟವನು, ದಂಡಿನ ಟಾಕೀಸುಗಳಿಗೆ ಬಂದ ಇಂಗ್ಲಿಷ್ ಚಿತ್ರಗಳನ್ನೆಲ್ಲ ನೋಡಿದವನು. ಮದ್ರಾಸನ್ನೂ ಕಂಡವನಲ್ಲ.

“ಕೂತ್ಕೊಳ್ಳಿ, ಕೂತ್ಕೊಳ್ಳಿ! ಆಂಜಿಗೆ ನಾಚ್ಕೆ, ಅದಕ್ಕೆ ನಿಜ ಹೇಳ್ತಿಲ್ಲ. ನನ್ ಹತ್ರ ಎಲ್ಲಾ ಹೇಳವ್ನೆ,” ಎಂದ ವಾಜಿದ್. ಕಾಲಿಗೆ ಹಲಗೆ ಕಟ್ಟಿಕೊಂಡು ಆಂಜಿ ಹಿಮದ ಬೆಟ್ಟದಿಂದ ಹಾರಿದ್ದು, ಬೆಟ್ಟವೇ ಕುಸಿದು ಮಂತ್ರಿಯ ಮಗಳು ಹಿಮದಡಿ ಸಿಕ್ಕಿಕೊಂಡದ್ದು, ಆಂಜಿ ಬರಿಗೈಯಲ್ಲಿ ತೋಡಿ ಅವಳನ್ನು ಎತ್ತಿಕೊಂಡು ಬಂದದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದ. ಕೊನೆಗೆ ಬಿದ್ದ ಚಪ್ಪಾಳೆಗೆ ಅಂಗಳದ ಮರದ ಮೇಲಿನ ಕಾಗೆಗಳು ಎದ್ದವು. ಬೈಲಪ್ಪನವರ ತಲೆಯೂ ಎದ್ದಿತು.

ಮನೆಗೆ ಹೋಗುತ್ತ ಮುನಿಆಂಜನಪ್ಪ ಸಿಡಿದ: “ಏನೋ ಇದು ವಾಜಿದ್? ನಾನು ಹಿಮದಲ್ಲಿ ಜಾರಿದ್ದು ಒಂದೇ ಸಲ, ಬ್ರೆಡ್ ತರೋಕೆ ಹೋದಾಗ. ಸೊಂಟ ಹಿಡ್ಕೊಂಡಿತ್ತು.”

“ಅದನ್ನ ಹೇಳಿದ್ರೆ ನಿಂಗೆ ಹಾರ ಹಾಕ್ತಾರೇನೋ? ಸೊಂಟ ಎಲ್ಲಾರಿಗೂ ಐತೆ,” ಎಂದ ವಾಜಿದ್.

ಆಮೇಲೆ ದೊಮ್ಮಲೂರಿನವರು ಕರೆದರು, ಬಾಣಸವಾಡಿಯವರು ಕರೆದರು. ಎಲ್ಲರದೂ ಒಂದೇ ಕೋರಿಕೆ: ಹುಡುಗ ಬರಲಿ, ಹಾರ ಹಾಕುತ್ತೇವೆ, ಮಾತಿಗೆ ಮಾತ್ರ ವಾಜಿದ್ ಸಾಹೇಬರೇ ಬೇಕು. ಮುನಿಆಂಜನಪ್ಪ ಮೊದಮೊದಲು ವೇದಿಕೆಯ ಮೇಲೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದ. ಆಮೇಲಾಮೇಲೆ ಕುತ್ತಿಗೆ ಮುಂದೆ ಚಾಚಿ ಕೇಳತೊಡಗಿದ. ಒಂದು ಸಲ ತಪ್ಪಿಸಿಕೊಂಡರೂ ಅವನಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು.

ಕೃಷ್ಣರಾಜಪುರದ ಸಭೆಯಲ್ಲಿ ವಾಜಿದ್ ಒಳ್ಳೆಯ ಹುರುಪಿನಲ್ಲಿದ್ದ. ಮಂತ್ರಿಯ ಮಗಳು ರೈಲು ನಿಲ್ದಾಣಕ್ಕೆ ಬಂದು ಕರವಸ್ತ್ರ ಬೀಸಿದ ಭಾಗ ಬಂದಾಗ ಹಾರದೊಳಗಿನ ಮುನಿಆಂಜನಪ್ಪ ಕಣ್ಣೊರೆಸಿಕೊಂಡ. ಸಭೆ ಮುಗಿದು ಇಬ್ಬರೂ ಮದ್ರಾಸು ರಸ್ತೆಯಲ್ಲಿ ಸೈಕಲ್ ತುಳಿಯುತ್ತ ಬಂದರು. ಮುನಿಆಂಜನಪ್ಪ ತಡೆಯಲಾರದೆ ಕೇಳಿದ:

“ಆಮೇಲೆ ಆ ಹುಡುಗಿ ಏನಾದ್ಳೋ?”

“ಇನ್ನೂ ಯೋಚ್ನೆ ಮಾಡಿಲ್ಲ ಕಣೋ. ಯಾರಿಗಾದ್ರೂ ಕೊಟ್ಟು ಮದ್ವೆ ಮಾಡ್ಬಿಡೋಣ ಅಂತಿದೀನಿ.”

ಮುನಿಆಂಜನಪ್ಪ ಬ್ರೇಕು ಹಿಡಿದು ನಿಂತೇಬಿಟ್ಟ.

“ಮದ್ವೆ ಮಾಡ್ಬೇಡ ಕಣೋ,” ಎಂದ. “ಪಿಟೀಲು ಕಲೀತಾ ಇದಾಳೆ ಅಂತ ಹೇಳು.”