ಬೀಗದೊಳಗಿನ ಗಡಿಯಾರ

ಲಫುಕೆನಿ ಎನಾಮಲ್ ಲೋಟವನ್ನು ಕಲ್ಲಿನ ಮೇಲೆ ಬೋರಲಾಗಿಟ್ಟು ತಳಕ್ಕೆ ಮೊಳೆ ಹೊಡೆದ. ಮೂರನೇ ಏಟಿಗೆ ತೂತಾಯಿತು. ಆಮೇಲೆ ತಟ್ಟೆ ಎತ್ತಿಕೊಂಡ. ಸತ್ತವರ ಲೋಟ ತಟ್ಟೆಗಳು ಗೋರಿಯ ಮೇಲೆ ಹೋಗಬೇಕು, ಹೋಗುವ ಮುಂಚೆ ತೂತಾಗಬೇಕು. ಬದುಕಿರುವವರ ಉಪಯೋಗಕ್ಕೆ ಅವು ಮತ್ತೆ ಬರಬಾರದು. ಗುಂಡಿ ತೋಡುವವರ ಮುಖಂಡನಾಗಿ ಅವನು ಈ ಕೆಲಸವನ್ನು ಲೆಕ್ಕವಿಲ್ಲದಷ್ಟು ಸಲ ಮಾಡಿದ್ದ. ಇವತ್ತು ಮಾತ್ರ ಮೊಳೆ ಎರಡು ಸಲ ಜಾರಿತು. ಒಂದನೇ ಕ್ಲಾಸಿನಲ್ಲಿ ಅವನಿಗೆ ಎಣಿಸಲು ಕಲಿಸಿದ್ದು ಈಗ ಒಳಗೆ ಹೆಣವಾಗಿ ಮಲಗಿದ್ದ ಎನೆಲೆಸಿ ಟೀಚರು.

ಹೆಡ್‌ಮಾಸ್ಟರ್ ಕಫೆರಾ ಗಂಡಸರ ಸಾಲಿನಲ್ಲಿ ಕೂತು ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿದ್ದ. ಅವನ ಜೇಬಿನಲ್ಲಿ ಗೋರಿಯ ಬಳಿ ಓದಬೇಕಾದ ಟೀಚರ ಜೀವನಚರಿತ್ರೆಯಿತ್ತು. ಅದರ ಕೆಳಗೆ ಒಂದು ಬೀಗದ ಕೈಯಿತ್ತು.

ಹೆಣದ ಸುತ್ತ ಕೂತಿದ್ದ ಹೆಂಗಸರ ನಡುವಿನಿಂದ ಟೀಚರ ಮಗಳು ಟಿಸುಂಗೆ ಎದ್ದು ಹೊರಗೆ ಬಂದಳು.

"ಮೇಷ್ಟ್ರೇ, ಅಮ್ಮನ ಗಡಿಯಾರ ನಿಮ್ಮ ಹತ್ರಾನೇ ಅಲ್ವಾ ಇರೋದು? ಅದನ್ನೂ ಜೊತೇಲಿ ಇಡೋಣ ಅಂತ."

ಇಲ್ಲ ಎನ್ನಬಹುದಿತ್ತು. ಕಳ್ಳರು ಹೊತ್ತೊಯ್ದರು ಎಂದರೆ ಯಾರೂ ಕೆದಕುತ್ತಿರಲಿಲ್ಲ. ಕಫೆರಾ ಎದ್ದು ಶಾಲೆಯ ದಾರಿ ಹಿಡಿದ.

*

ಆ ಗಡಿಯಾರ ಸಕ್ಕರೆ ಡಬ್ಬದ ರಟ್ಟಿನದು. ಅಂಕಿಗಳ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳಗಳು, ಬಿದಿರಿನ ಮುಳ್ಳುಗಳು. ನೂರಿಪ್ಪತ್ತು ಮಕ್ಕಳಿಗೆ ಹನ್ನೊಂದು ಪುಸ್ತಕವಿದ್ದ ಕ್ಲಾಸು ಅದು. ಕೋಳಿ ಕೂಗುವುದು ಎಷ್ಟಕ್ಕೆ, ಅಮ್ಮ ಜೋಳದ ಹಿಟ್ಟಿನ ಎನ್ಸಿಮಾ ಮುದ್ದೆ ತಿರುವುವುದು ಎಷ್ಟಕ್ಕೆ ಎಂದು ಟೀಚರು ಕೇಳಿದರೆ ಮುಳ್ಳು ತಿರುಗಿಸಲು ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮೂಲೆಯಲ್ಲಿ ಜೋಳದ ದಂಟಿನ ಎತ್ತುಗಳು, ಮಣ್ಣಿನ ಅಕ್ಷರಗಳು, ಚೀಲದ ಮೇಲೆ ಬರೆದ ಚಿತ್ರಗಳು.

ಆರು ವರ್ಷದ ಹಿಂದೆ ದೊಡ್ಡ ಅಧಿಕಾರಿಗಳು ಬಂದು ನೋಡಿ ಬೆರಗಾಗಿ, ಶಾಲೆಗೆ ಫಲಕ ಕೊಟ್ಟು, ಕಫೆರಾನ ಬೆನ್ನು ತಟ್ಟಿ ಹೋದರು. ಮಾರನೆಯ ದಿನವೇ ಅವನು ಎಲ್ಲವನ್ನೂ ಖಾಲಿ ಕೋಣೆಗೆ ಸಾಗಿಸಿ ಬೀಗ ಜಡಿದ. ಮುಂದಿನ ಅತಿಥಿಗಳಿಗೆ ತೋರಿಸಬೇಕಲ್ಲ.

"ಮಕ್ಕಳ ಕೈಗೆ ಕೊಟ್ರೆ ವಾರದಲ್ಲಿ ಹರಿದು ಹಾಕ್ತಾರೆ ಟೀಚರ್."

"ಹರೀಲಿ ಬಿಡಿ ಸರ್. ಹರಿಯೋದಕ್ಕೇ ಮಾಡಿರೋದು. ಇನ್ನೊಂದು ಮಾಡ್ತೀನಿ."

ಅವನು ನಕ್ಕುಬಿಟ್ಟ. ಪ್ರತಿ ಸೋಮವಾರ ಅವಳು ಬೀಗದ ಕೈ ಕೇಳುತ್ತಿದ್ದಳು, ಇವನು ನಾಳೆ ಎನ್ನುತ್ತಿದ್ದ. ಒಂದು ದಿನ ಕೇಳುವುದನ್ನೇ ಬಿಟ್ಟಳು. ಸದ್ಯ ಪೀಡೆ ತಪ್ಪಿತು ಎಂದುಕೊಂಡ ಪಾಪಿ. ಅವಳು ಮರದ ಕೆಳಗೆ ಕಲ್ಲು, ಬೀಜ ಹರವಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ್ದಳು.

ಅತಿಥಿಗಳು ಬರುವುದು ನಿಂತುಹೋಯಿತು. ಹೋದ ಮಳೆಗಾಲದಲ್ಲಿ ಬಾಗಿಲು ತೆಗೆದು ನೋಡಿದವನು ತಕ್ಷಣ ಮುಚ್ಚಿ ಮತ್ತೆ ಬೀಗ ಹಾಕಿದ. ಯಾರಿಗೂ ಹೇಳಲಿಲ್ಲ. ಹಾಸಿಗೆ ಹಿಡಿದ ಎನೆಲೆಸಿ, ಗಡಿಯಾರ ಹೇಗಿದೆ ಎಂದು ಕೇಳಿ ಕಳಿಸಿದಾಗ, ಹೊಸದರ ಹಾಗೇ ಇದೆ, ಚಿಂತೆ ಬೇಡ ಎಂದು ಹೇಳಿ ಕಳಿಸಿದ.

*

ಕಫೆರಾ ಶಾಲೆಯಿಂದ ನೆಟ್ಟಗೆ ಸ್ಮಶಾನದ ತೋಪಿಗೇ ಬಂದ. ಪೆಟ್ಟಿಗೆ ಇಳಿಸಿ ಮಣ್ಣು ಏರಿಸಿಯಾಗಿತ್ತು. ಎಲ್ಲರೂ ಇವನ ಭಾಷಣಕ್ಕೆ ಕಾದಿದ್ದರು. ಕಂಕುಳಲ್ಲಿ ಬಟ್ಟೆ ಸುತ್ತಿದ ರಟ್ಟು. ಜೀವನಚರಿತ್ರೆಯ ಕಾಗದ ತೆಗೆದ. ಅದರಲ್ಲಿ 'ಟೀಚರ ಕೊಡುಗೆಯನ್ನು ಶಾಲೆ ಜೋಪಾನವಾಗಿ ಕಾಪಾಡಿಕೊಂಡಿದೆ' ಎಂಬ ಸಾಲಿತ್ತು; ರಾತ್ರಿ ಅವನೇ ಬರೆದದ್ದು. ಓದದೆಯೇ ಕಾಗದ ಮಡಚಿದ.

"ಗಡಿಯಾರ ಚೆನ್ನಾಗಿದೆ ಅಂತ ಟೀಚರಿಗೆ ಹೇಳಿ ಕಳಿಸಿದ್ದೆ," ಎಂದ. "ಸುಳ್ಳು ಹೇಳಿದ್ದೆ. ಅವರು ಮಾಡಿದ್ದನ್ನೆಲ್ಲ ಬೀಗದೊಳಗಿಟ್ಟು ಹಾಳು ಮಾಡಿದೋನು ನಾನೇ."

ಟಿಸುಂಗೆ ಅವನ ಮುಖವನ್ನೂ ನೋಡದೆ ಕೈ ಚಾಚಿ ಗಂಟನ್ನು ತೆಗೆದುಕೊಂಡು ಲಫುಕೆನಿಗೆ ಕೊಟ್ಟಳು.

ಲಫುಕೆನಿ ಲೋಟ, ತಟ್ಟೆಗಳನ್ನು ಗೋರಿಯ ತಲೆದೆಸೆಗೆ ಜೋಡಿಸಿಟ್ಟು, ಸುತ್ತಿಗೆ ಮೊಳೆ ಕೈಗೆತ್ತಿಕೊಂಡು ಬಟ್ಟೆ ಬಿಚ್ಚಿದ. ಮುಚ್ಚಳಗಳು ಹನ್ನೆರಡೂ ತುಕ್ಕು ಹಿಡಿದು ಉಳಿದಿದ್ದವು. ನಡುವಿನ ರಟ್ಟನ್ನು ಗೆದ್ದಲು ತಿಂದಿತ್ತು. ಮೊಳೆ ಇಡಲು ಜಾಗ ಹುಡುಕುತ್ತ ಅವನು ಅದನ್ನು ಅತ್ತಿತ್ತ ತಿರುಗಿಸಿ ಬೆಳಕಿಗೆ ಹಿಡಿದ. ಬಿಸಿಲು ಆ ನೂರು ತೂತುಗಳಿಂದ ತೂರಿ ಅವನ ಎದೆಯ ಮೇಲೆ ಬಿತ್ತು.

"ಇದಕ್ಕೆ ನನ್ನ ಕೆಲಸ ಬೇಕಿಲ್ಲ," ಎಂದು ಲಫುಕೆನಿ ಮೊಳೆಯನ್ನು ಜೇಬಿಗೆ ಹಾಕಿಕೊಂಡ.